ಕ್ಯಾನಿನಲ್ಲಿರುವ ನ್ಯಾನೋ, ಪಟ್ಟಿಯಲ್ಲಿರುವ ಚಿನ್ನ



ಸಂಘಗಳ ಸರ್ವಸದಸ್ಯರ ಸಭೆಗಳಲ್ಲಿ ಈಚೆಗೆ ಒಂದು ಪ್ರಶ್ನೆ ಪದೇ ಪದೇ ಬರುತ್ತಿದೆ. "ನಮ್ಮ ಹಾಲಿಗೆ ಫ್ಯಾಟ್ ಇದೆ, ಡಿಗ್ರಿ ಇದೆ, ನೀರು ಹಾಕಿಲ್ಲ, ಹುಳಿ ಬಂದಿಲ್ಲ. ಆದರೂ ಒಂದು ಕಾಗದದ ಪಟ್ಟಿ ನೋಡಿ ಹಾಲು ಬೇಡ ಅಂತೀರಲ್ಲ, ಆ ಪಟ್ಟಿಗೆ ಏನು ಗೊತ್ತು?"

ಪ್ರಶ್ನೆ ನ್ಯಾಯವಾದದ್ದೇ. ಎರಡು ಹೊತ್ತು ಹುಲ್ಲು ಹೊತ್ತು, ಸಗಣಿ ಬಾಚಿ ಕರೆದ ಹಾಲನ್ನು ಯಾವುದೋ ಒಂದು ಪಟ್ಟಿ ತಿರಸ್ಕರಿಸುತ್ತದೆ ಎಂದರೆ, ಅದು ಏನು, ಹೇಗೆ ಕೆಲಸ ಮಾಡುತ್ತದೆ, ಅದನ್ನು ಎಷ್ಟು ನಂಬಬಹುದು ಎಂದು ತಿಳಿಯುವ ಹಕ್ಕು ನಿಮಗಿದೆ. ಆ ಪಟ್ಟಿಯ ಹಿಂದೆ ಹಲವು ವಿಶ್ವವಿದ್ಯಾಲಯಗಳ ಪ್ರಯೋಗಶಾಲೆಗಳು ಹತ್ತಾರು ವರ್ಷ ನಡೆಸಿದ ಸಂಶೋಧನೆ ಇದೆ. ಅದನ್ನು ನ್ಯಾನೋ ತಂತ್ರಜ್ಞಾನ ಎನ್ನುತ್ತಾರೆ. ಇದರ ಜೊತೆಗೇ ಬೆಳೆಯುತ್ತಿರುವ ಇನ್ನೊಂದು ವಿದ್ಯೆ ಸಾವಯವ ಎಲೆಕ್ಟ್ರಾನಿಕ್ಸ್. ಈ ಸಂಚಿಕೆಯ ಪಾಠ ಈ ಎರಡರ ಬಗ್ಗೆ. ಇವುಗಳಲ್ಲಿ ಯಾವುದು ಈಗಾಗಲೇ ನಿಮ್ಮ ಸಂಘದ ಬಾಗಿಲಿಗೆ ಬಂದಿದೆ, ಯಾವುದು ಇನ್ನೂ ಪ್ರಯೋಗಶಾಲೆಯಲ್ಲೇ ಇದೆ, ಯಾವುದು ಬರೀ ಡಬ್ಬಿಯ ಮೇಲಿನ ಹೆಸರು ಎಂಬುದನ್ನು ಬೇರೆ ಬೇರೆಯಾಗಿ ನೋಡೋಣ.

ನ್ಯಾನೋ ಎಂದರೆ ಎಷ್ಟು ಸಣ್ಣದು?

ಸ್ಕೇಲಿನ ಮೇಲೆ ಒಂದು ಮಿಲಿಮೀಟರ್ ಗುರುತು ನೋಡಿರುತ್ತೀರಿ. ಅದನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೋಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೋಮೀಟರ್. ಕೆಚ್ಚಲು ಬಾವು ತರುವ ಸ್ಟೆಫೈಲೋಕಾಕಸ್ ಎಂಬ ರೋಗಾಣು ಸುಮಾರು 1,000 ನ್ಯಾನೋಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್‌ವರೆಗಿನ ಕಣಗಳನ್ನು ನ್ಯಾನೋ ಕಣಗಳು ಎನ್ನುತ್ತಾರೆ.

ಇದು ಎಲ್ಲೋ ದೂರದ ವಸ್ತುವಲ್ಲ. ನೀವು ಬೆಳಗ್ಗೆ ಕರೆದ ಹಾಲಿನಲ್ಲೇ ಇದಕ್ಕೆ ಉದಾಹರಣೆ ಇದೆ. ಹಾಲಿನ ಮುಖ್ಯ ಸಸಾರಜನಕವಾದ ಕೇಸಿನ್ ನೀರಿನಲ್ಲಿ ಸಕ್ಕರೆಯಂತೆ ಕರಗಿರುವುದಿಲ್ಲ. ಸಾವಿರಾರು ಕೇಸಿನ್ ಅಣುಗಳು ಕ್ಯಾಲ್ಸಿಯಂ, ರಂಜಕದೊಂದಿಗೆ ಸೇರಿ ಪುಟ್ಟ ಪುಟ್ಟ ಉಂಡೆಗಳಾಗಿ ತೇಲುತ್ತಿರುತ್ತವೆ. ಒಂದೊಂದು ಉಂಡೆಯ ಗಾತ್ರ ಸರಾಸರಿ 150 ನ್ಯಾನೋಮೀಟರ್ ಆಸುಪಾಸು. ಒಂದು ಕೂದಲಿನ ಅಡ್ಡಗಲದಲ್ಲಿ ಇಂಥ ಐದು ನೂರು ಉಂಡೆಗಳನ್ನು ಸಾಲಾಗಿ ಜೋಡಿಸಬಹುದು. ಹಾಲಿನ ಕೊಬ್ಬಿನ ಹನಿಗಳು ಇವಕ್ಕಿಂತ ಎಷ್ಟೋ ದೊಡ್ಡವು. ಹಸುವಿನ ಹಾಲಿನಲ್ಲಿ ಅವು ಸರಾಸರಿ 3,000ದಿಂದ 4,000 ನ್ಯಾನೋಮೀಟರ್ ಇರುತ್ತವೆ, ಎಮ್ಮೆ ಹಾಲಿನಲ್ಲಿ ಇನ್ನೂ ದಪ್ಪ. ಹೀಗಾಗಿಯೇ ಹಾಲನ್ನು ಸುಮ್ಮನೆ ಇಟ್ಟರೆ ಕೆನೆ ಮೇಲೆ ಬರುತ್ತದೆ, ಕೇಸಿನ್ ಮಾತ್ರ ತಳ ಸೇರದೆ ತೇಲುತ್ತಲೇ ಇರುತ್ತದೆ.

ಹಾಲು ಬೆಳ್ಳಗೆ ಕಾಣುವುದು ಈ ಉಂಡೆಗಳು ಮತ್ತು ಕೊಬ್ಬಿನ ಹನಿಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ. ಕೆನೆಯನ್ನೆಲ್ಲ ತೆಗೆದ ಹಾಲಿಗೆ ತುಸು ನೀಲಿ ಛಾಯೆ ಬರುವುದನ್ನು ನೀವು ಗಮನಿಸಿರಬಹುದು. ಕೊಬ್ಬಿನ ದೊಡ್ಡ ಹನಿಗಳು ಹೋಗಿ ಸಣ್ಣ ಕೇಸಿನ್ ಉಂಡೆಗಳು ಮಾತ್ರ ಉಳಿದಾಗ, ಅವು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ. ಹಾಲು ಅದೇ, ಕಣದ ಗಾತ್ರ ಬದಲಾದರೆ ಬಣ್ಣ ಬದಲಾಗುತ್ತದೆ. ಈ ಮಾತನ್ನು ನೆನಪಿಡಿ, ಏಕೆಂದರೆ ಪರೀಕ್ಷಾ ಪಟ್ಟಿಯ ಗುಟ್ಟೂ ಇದೇ.

ಕೆಂಪು ಬಣ್ಣದ ಚಿನ್ನ

ಚಿನ್ನದ ಬಣ್ಣ ಹಳದಿ ಎಂದು ಎಲ್ಲರಿಗೂ ಗೊತ್ತು. ಆದರೆ ಚಿನ್ನವನ್ನು 20ರಿಂದ 40 ನ್ಯಾನೋಮೀಟರ್ ಕಣಗಳಾಗಿ ನೀರಿನಲ್ಲಿ ಹರಡಿದರೆ ಅದು ಮಾಣಿಕ್ಯದಂಥ ಕೆಂಪು ದ್ರವವಾಗುತ್ತದೆ. 1857ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್‌ನಲ್ಲಿ ಮೈಕೆಲ್ ಫ್ಯಾರಡೆ ಎಂಬ ವಿಜ್ಞಾನಿ ಇದನ್ನು ತಯಾರಿಸಿ, ಬಣ್ಣಕ್ಕೆ ಕಾರಣ ಚಿನ್ನದ ಅತಿ ಸೂಕ್ಷ್ಮ ಕಣಗಳೇ ಎಂದು ಹೇಳಿದರು. ಅವರು ಮಾಡಿಟ್ಟ ಸೀಸೆಗಳಲ್ಲಿ ಕೆಲವು ಇಂದಿಗೂ ಅಲ್ಲಿವೆ.

ಬಣ್ಣ ಏಕೆ ಬದಲಾಗುತ್ತದೆ? ಬಿಂದಿಗೆಯಲ್ಲಿ ನೀರು ಹೊತ್ತು ನಡೆದವರಿಗೆ ಇದನ್ನು ಹೇಳುವುದು ಸುಲಭ. ಬಿಂದಿಗೆಯ ನೀರು ನಿಮ್ಮ ಹೆಜ್ಜೆಯ ಒಂದು ಲಯಕ್ಕೆ ಜೋರಾಗಿ ತುಳುಕುತ್ತದೆ, ಬೇರೆ ಲಯಕ್ಕೆ ಅಷ್ಟಾಗಿ ತುಳುಕುವುದಿಲ್ಲ. ಪಾತ್ರೆ ಚಿಕ್ಕದಾದರೆ ಲಯ ಬೇರೆ, ದೊಡ್ಡದಾದರೆ ಬೇರೆ. ಹಾಗೆಯೇ ಚಿನ್ನದ ಪುಟ್ಟ ಕಣದೊಳಗಿನ ಎಲೆಕ್ಟ್ರಾನುಗಳು ಹಸಿರು ಬೆಳಕಿನ ಲಯಕ್ಕೆ ಒಟ್ಟಾಗಿ ತುಳುಕಿ ಆ ಬೆಳಕನ್ನು ಹೀರುತ್ತವೆ. ಹಸಿರು ಹೋದ ಮೇಲೆ ನಮ್ಮ ಕಣ್ಣಿಗೆ ಉಳಿಯುವುದು ಕೆಂಪು. ಕಣಗಳು ಒಂದಕ್ಕೊಂದು ಅಂಟಿ ಗುಂಪಾದರೆ ಬಣ್ಣ ನೇರಳೆಗೆ, ನೀಲಿಗೆ ತಿರುಗುತ್ತದೆ.

1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಜಾನ್ ಟರ್ಕೆವಿಚ್ ಮತ್ತು ಸಂಗಡಿಗರು ಈ ಕಣಗಳನ್ನು ಒಂದೇ ಅಳತೆಗೆ ತಯಾರಿಸುವ ಸರಳ ವಿಧಾನವನ್ನು ವಿವರಿಸಿದರು. ಚಿನ್ನದ ಲವಣದ ದ್ರಾವಣವನ್ನು ಕುದಿಸಿ ಅದಕ್ಕೆ ಸಿಟ್ರೇಟ್ ಹಾಕುವುದು, ಅಷ್ಟೆ. ಸಿಟ್ರೇಟ್ ಎಂದರೆ ನಿಂಬೆಹಣ್ಣಿನ ಹುಳಿಯ ಲವಣ. 1971ರಲ್ಲಿ ಫಾಕ್ ಮತ್ತು ಟೇಲರ್ ಎಂಬಿಬ್ಬರು ಚಿನ್ನದ ಕಣಗಳಿಗೆ ಪ್ರತಿಕಾಯಗಳನ್ನು ಅಂಟಿಸಿ ತೋರಿಸಿದರು. ಪ್ರತಿಕಾಯ ಎಂದರೆ ತನಗೆ ಬೇಕಾದ ಒಂದೇ ವಸ್ತುವನ್ನು ಹುಡುಕಿ ಹಿಡಿಯುವ ಸಸಾರಜನಕ. ಹಿಡಿಯುವ ಕೈ ಸಸಾರಜನಕದ್ದು, ಕಣ್ಣಿಗೆ ಕಾಣುವ ಬಣ್ಣ ಚಿನ್ನದ್ದು. ಈ ಜೋಡಿಯೇ ಪಟ್ಟಿಯ ಜೀವ. ಚಿನ್ನವೇ ಏಕೆಂದರೆ ಅದು ತುಕ್ಕು ಹಿಡಿಯುವುದಿಲ್ಲ, ಸಸಾರಜನಕ ಅದಕ್ಕೆ ಚೆನ್ನಾಗಿ ಅಂಟುತ್ತದೆ, ತೀರಾ ಸ್ವಲ್ಪವೇ ಇದ್ದರೂ ಬಣ್ಣ ಎದ್ದು ಕಾಣುತ್ತದೆ. ಪಟ್ಟಿಯಲ್ಲಿ ಚಿನ್ನ ಇದೆ ಎಂದು ಬಳಸಿದ ಪಟ್ಟಿಗಳನ್ನು ಯಾರೂ ಕೂಡಿಡಬೇಕಿಲ್ಲ. ವರ್ಷವಿಡೀ ಕೂಡಿಟ್ಟರೂ ಮೂಗುತಿಯ ಚುಕ್ಕೆಯಷ್ಟೂ ಸಿಗುವುದಿಲ್ಲ!

ಪಟ್ಟಿ ಹೇಗೆ ಓದುತ್ತದೆ?

ನಾವು ಹೆಚ್ಚಾಗಿ ಬಳಸುವುದು ಪೆನಿಸಿಲಿನ್ ಗುಂಪಿನ ಔಷಧಗಳನ್ನು ಹುಡುಕುವ ಪಟ್ಟಿಗಳನ್ನು. ಇವನ್ನು ಬೀಟಾ-ಲ್ಯಾಕ್ಟಮ್ ಪಟ್ಟಿಗಳು ಎನ್ನುತ್ತಾರೆ. ಇವು ಕೆಲಸ ಮಾಡುವ ಬಗೆ ಹೀಗಿದೆ.

ಮೊದಲು ಹಾಲಿನ ಕೆಲವು ಹನಿಗಳನ್ನು ಚಿನ್ನದ ಕಣಗಳೊಂದಿಗೆ ಬೆರೆಸಲಾಗುತ್ತದೆ. ಆ ಕಣಗಳಿಗೆ ಪೆನಿಸಿಲಿನ್ ಜಾತಿಯ ಔಷಧವನ್ನು ಹಿಡಿಯುವ ಕೈಗಳನ್ನು ಅಂಟಿಸಿರುತ್ತಾರೆ. ಆ ಬಳಿಕ ಹಾಲು ಪಟ್ಟಿಯ ಮೇಲೆ, ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವ ಹಾಗೆ, ಮೇಲೇರುತ್ತದೆ. ದಾರಿಯಲ್ಲಿ ಎರಡು ಗೆರೆಗಳಿವೆ. ಪರೀಕ್ಷೆಯ ಗೆರೆಯ ಮೇಲೆ ಔಷಧದ ಅಣುವನ್ನೇ ಮೊದಲೇ ಅಂಟಿಸಿಟ್ಟಿರುತ್ತಾರೆ. ಹಾಲಿನಲ್ಲಿ ಔಷಧ ಇಲ್ಲದಿದ್ದರೆ ಚಿನ್ನದ ಕೈಗಳು ಖಾಲಿ ಇರುತ್ತವೆ, ಬಂದು ಈ ಗೆರೆಯನ್ನು ಹಿಡಿಯುತ್ತವೆ, ಗೆರೆ ಕೆಂಪಾಗುತ್ತದೆ. ಹಾಲಿನಲ್ಲಿ ಔಷಧ ಇದ್ದರೆ ಕೈಗಳು ಆಗಲೇ ತುಂಬಿರುತ್ತವೆ, ಗೆರೆಯನ್ನು ಹಿಡಿಯಲಾರದೆ ಮುಂದೆ ಹೋಗುತ್ತವೆ, ಗೆರೆ ಮಸುಕಾಗುತ್ತದೆ ಇಲ್ಲವೇ ಮೂಡುವುದೇ ಇಲ್ಲ. ಎರಡನೆಯದು ನಿಯಂತ್ರಣದ ಗೆರೆ. ಔಷಧ ಇರಲಿ, ಇಲ್ಲದಿರಲಿ ಅದು ಮೂಡಲೇಬೇಕು. ಮೂಡದಿದ್ದರೆ ಪಟ್ಟಿ ಕೆಟ್ಟಿದೆ ಎಂದರ್ಥ, ಆ ಪರೀಕ್ಷೆ ಲೆಕ್ಕಕ್ಕಿಲ್ಲ.

ಇಲ್ಲಿ ಬಹಳ ಜನರಿಗೆ ಗೊಂದಲ ಆಗುತ್ತದೆ. ಗರ್ಭ ಪರೀಕ್ಷೆಯ ಪಟ್ಟಿಯಲ್ಲಿ, ಕೋವಿಡ್ ಪಟ್ಟಿಯಲ್ಲಿ ಎರಡು ಗೆರೆ ಬಂದರೆ "ಇದೆ" ಎಂದರ್ಥ. ಹಾಲಿನ ಈ ಪಟ್ಟಿಯಲ್ಲಿ ಅದು ತಲೆಕೆಳಗು. ಎರಡೂ ಗೆರೆ ಚೆನ್ನಾಗಿ ಮೂಡಿದರೆ ಹಾಲು ಸ್ವಚ್ಛ. ಪರೀಕ್ಷೆಯ ಗೆರೆ ಕಾಣದಿದ್ದರೆ ಔಷಧ ಇದೆ. ನಿಮ್ಮ ಹಾಲನ್ನು ಪರೀಕ್ಷಿಸುವಾಗ ಪಕ್ಕದಲ್ಲಿ ನಿಂತು ನೋಡಿ, ಹಾಲು ಪರೀಕ್ಷಕರನ್ನು ಕೇಳಿ. ನಿಯಂತ್ರಣದ ಗೆರೆ ಮೂಡಿದೆಯೇ, ಪಟ್ಟಿಯ ಅವಧಿ ಮುಗಿದಿಲ್ಲವೇ, ತಂಪಿನಲ್ಲಿ ಇಟ್ಟಿದ್ದಾರೆಯೇ ಎಂದು ವಿಚಾರಿಸುವುದು ನಿಮ್ಮ ಹಕ್ಕು.

ಇಷ್ಟೊಂದು ಸೂಕ್ಷ್ಮ ಏಕೆ ಬೇಕು?

"ಒಂದು ಹಸುವಿಗೆ ಒಂದು ಇಂಜೆಕ್ಷನ್ ಕೊಟ್ಟರೆ ಇಡೀ ಊರಿನ ಹಾಲಿಗೆ ಏನಾಗುತ್ತದೆ?" ಎಂಬ ಮಾತಿಗೆ ಲೆಕ್ಕವೇ ಉತ್ತರ ಕೊಡಲಿ.

ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಒಂದು ಲೀಟರ್ ಹಾಲಿನಲ್ಲಿ ಪೆನಿಸಿಲಿನ್ 4 ಮೈಕ್ರೋಗ್ರಾಂ ಮೀರಬಾರದು. ಒಂದು ಮಿಲಿಗ್ರಾಂ ಎಂದರೆ 1,000 ಮೈಕ್ರೋಗ್ರಾಂ. ಅಂದರೆ ಒಂದೇ ಮಿಲಿಗ್ರಾಂ ಪೆನಿಸಿಲಿನ್ 250 ಲೀಟರ್ ಹಾಲನ್ನು ಮಿತಿಯ ಅಂಚಿಗೆ ತರಲು ಸಾಕು. 2,000 ಲೀಟರ್ ಹಿಡಿಯುವ ಬಿಎಂಸಿಗೆ 8 ಮಿಲಿಗ್ರಾಂ ಸಾಕು. ಅದು ಒಂದು ಚಿಟಿಕೆ ಉಪ್ಪಿನ ಹತ್ತರಲ್ಲಿ ಒಂದು ಪಾಲೂ ಇಲ್ಲ. 10 ಲಕ್ಷ ಯೂನಿಟ್ ಪೆನಿಸಿಲಿನ್ ಎಂದರೆ ಸುಮಾರು 600 ಮಿಲಿಗ್ರಾಂ. ಅಷ್ಟೂ ಹಾಲಿಗೆ ಬಂದರೆ 1,50,000 ಲೀಟರ್ ಹಾಲು ಮಿತಿ ಮುಟ್ಟುತ್ತದೆ. ಮಾಂಸಖಂಡಕ್ಕೆ ಚುಚ್ಚಿದ ಔಷಧದಲ್ಲಿ ಅಲ್ಪ ಪಾಲು ಮಾತ್ರ ಹಾಲಿಗೆ ಬರುತ್ತದೆ, ನಿಜ. ಆದರೆ ಕೆಚ್ಚಲಿಗೆ ನೇರವಾಗಿ ಏರಿಸಿದ ಟ್ಯೂಬಿನ ಔಷಧದ ದೊಡ್ಡ ಪಾಲು ಮುಂದಿನ ಕೆಲವು ಕರಾವುಗಳಲ್ಲೇ ಹೊರಬರುತ್ತದೆ.

ಹಾಲು ಕಾಯಿಸಿದರೆ ಔಷಧ ಹೋಗುತ್ತದೆ ಎಂಬ ನಂಬಿಕೆ ತಪ್ಪು. ಪಾಶ್ಚರೀಕರಣದಿಂದಲೂ ಅದು ಹೋಗುವುದಿಲ್ಲ. ಇಂಥ ಹಾಲಿಗೆ ಹೆಪ್ಪು ಹಾಕಿದರೆ ಹೆಪ್ಪಿನ ಸೂಕ್ಷ್ಮಾಣುಗಳೇ ಸಾಯುವುದರಿಂದ ಮೊಸರು ಕಟ್ಟುವುದಿಲ್ಲ. ಪೆನಿಸಿಲಿನ್ ಒಗ್ಗದ ಮಗುವೊಂದು ಆ ಹಾಲು ಕುಡಿದರೆ ಮೈಮೇಲೆ ದದ್ದು ಏಳಬಹುದು, ಕೆಲವರಿಗೆ ಉಸಿರಿಗೇ ತೊಂದರೆ ಆಗಬಹುದು. ಎಲ್ಲಕ್ಕಿಂತ ದೊಡ್ಡ ಅಪಾಯ, ದಿನದಿನವೂ ಅಷ್ಟಷ್ಟೇ ಔಷಧ ಸಿಕ್ಕ ರೋಗಾಣುಗಳು ಅದಕ್ಕೆ ಬಗ್ಗದಂತೆ ಬಲಿಯುವುದು. ಮುಂದೆ ನಿಮ್ಮ ಹಸುವಿಗೆ ಕೆಚ್ಚಲು ಬಾವು ಬಂದಾಗ, ನಿಮ್ಮ ಮನೆಯ ಮಗುವಿಗೆ ಜ್ವರ ಬಂದಾಗ ಅದೇ ಔಷಧ ಕೆಲಸ ಮಾಡದೆ ಹೋಗಬಹುದು.

ನಾವು ಹಳ್ಳಿಗಳಲ್ಲಿ ನೋಡುವ ಸಾಮಾನ್ಯ ಪ್ರಸಂಗವೊಂದನ್ನು ಹೇಳುತ್ತೇನೆ. ಹಸುವಿನ ಒಂದು ಮೊಲೆಗೆ ಬಾವು ಬಂದು ಟ್ಯೂಬ್ ಏರಿಸಿರುತ್ತಾರೆ. ಆ ಮೊಲೆಯ ಹಾಲನ್ನು ಚೆಲ್ಲಿ, ಉಳಿದ ಮೂರು ಮೊಲೆಗಳ ಹಾಲನ್ನು ಸಂಘಕ್ಕೆ ಹಾಕುತ್ತಾರೆ. "ಆ ಮೂರಕ್ಕೆ ನಾವು ಏನೂ ಹಾಕಿಲ್ಲವಲ್ಲ" ಎನ್ನುವುದು ಅವರ ಮಾತು. ಇದರಲ್ಲಿ ಮೋಸದ ಉದ್ದೇಶ ಇರುವುದಿಲ್ಲ. ಆದರೆ ಔಷಧ ಆ ಮೊಲೆಯ ಅಂಗಾಂಶದಿಂದ ರಕ್ತಕ್ಕೆ ಸೇರಿ ಉಳಿದ ಮೂರಕ್ಕೂ ಬರುತ್ತದೆ. ಆದ್ದರಿಂದ ಹಿಂತೆಗೆತದ ಅವಧಿಯಲ್ಲಿ ನಾಲ್ಕೂ ಮೊಲೆಗಳ ಹಾಲನ್ನು ಹಿಡಿದಿಡಲೇಬೇಕು.

ಆ ಅವಧಿ ಎಷ್ಟು ದಿನ? ಔಷಧದ ಲೇಬಲ್ ಮೇಲೆ ಇರುತ್ತದೆ. ಭಾರತದ ಔಷಧ ನಿಯಮಗಳಿಗೆ 2012ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಇದನ್ನು ಲೇಬಲ್ ಮೇಲೆ ಮುದ್ರಿಸುವುದು ಕಡ್ಡಾಯ. ಒಂದು ಔಷಧಕ್ಕೆ ನಿರ್ದಿಷ್ಟ ಅವಧಿ ಖಚಿತವಾಗಿರದಿದ್ದರೆ ಹಾಲಿಗೆ ಕನಿಷ್ಠ 7 ದಿನ ಎಂದು ಹಿಡಿಯಬೇಕು. ದಿನಕ್ಕೆ ಹತ್ತು ಲೀಟರ್ ಕೊಡುವ ಹಸುವಿಗೆ ಇದು ಎಪ್ಪತ್ತು ಲೀಟರಿನ ನಷ್ಟ. ಈ ನಷ್ಟ ಚಿಕ್ಕದಲ್ಲ, ಅದು ನಮಗೂ ಗೊತ್ತು. ಅದಕ್ಕಾಗಿಯೇ ಬಾವು ಬರದಂತೆ ನೋಡಿಕೊಳ್ಳುವುದು ಎಲ್ಲಕ್ಕಿಂತ ಅಗ್ಗದ ದಾರಿ.

ಪಟ್ಟಿಗೂ ಮಿತಿ ಇದೆ

ಪೆನಿಸಿಲಿನ್ ಗುಂಪನ್ನು ಹುಡುಕುವ ಪಟ್ಟಿಗೆ ಜೆಂಟಾಮೈಸಿನ್ ಕಾಣುವುದಿಲ್ಲ, ಎನ್ರೋಫ್ಲಾಕ್ಸಾಸಿನ್ ಕಾಣುವುದಿಲ್ಲ. ಅವಕ್ಕೆ ಬೇರೆ ಪಟ್ಟಿಗಳಿವೆ. ಆದ್ದರಿಂದ "ಪಟ್ಟಿಯಲ್ಲಿ ಪಾಸಾಯಿತು" ಎಂದರೆ ಹಾಲಿನಲ್ಲಿ ಯಾವ ಔಷಧವೂ ಇಲ್ಲ ಎಂದು ಅರ್ಥವಲ್ಲ, ಆ ಗುಂಪಿನ ಔಷಧ ಮಿತಿಯೊಳಗಿದೆ ಎಂದಷ್ಟೇ ಅರ್ಥ. ಪಟ್ಟಿ ಹಿಡಿಯದ ಔಷಧ ಯಾವುದು ಎಂದು ನೋಡಿ ಅದನ್ನೇ ಬಳಸುವುದು ಜಾಣತನವಲ್ಲ. ಪಟ್ಟಿಗೆ ಕಾಣದ್ದು ಕುಡಿಯುವವರ ಹೊಟ್ಟೆಗೆ ಹೋಗಿಯೇ ಹೋಗುತ್ತದೆ.

ಇದೇ ಬಗೆಯ ಪಟ್ಟಿಗಳು ಅಫ್ಲಾಟಾಕ್ಸಿನ್ ಎಂ1 ಎಂಬ ವಿಷವನ್ನು ಹುಡುಕಲೂ ಬಂದಿವೆ. ಬೂಸ್ಟು ಹಿಡಿದ ಶೇಂಗಾ ಹಿಂಡಿ, ಹತ್ತಿಕಾಳು ಹಿಂಡಿ, ಮೆಕ್ಕೆಜೋಳ ತಿಂದ ರಾಸಿನ ಹಾಲಿಗೆ ಇದು ಇಳಿಯುತ್ತದೆ. ನಮ್ಮ ದೇಶದಲ್ಲಿ ಇದರ ಮಿತಿ ಒಂದು ಕಿಲೋ ಹಾಲಿಗೆ 0.5 ಮೈಕ್ರೋಗ್ರಾಂ. ಇದೂ ಕಾಯಿಸಿದರೆ ಹೋಗುವುದಿಲ್ಲ. ಮಳೆಗಾಲದಲ್ಲಿ ಮೇವು, ಹಿಂಡಿಯನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ಗೋಡೆಯಿಂದ ದೂರ ಇಡುವುದೇ ಮದ್ದು. ಬೂಸ್ಟು ಹಿಡಿದದ್ದನ್ನು ಬಿಸಿಲಿಗೆ ಹಾಕಿ ಕೊಡವಿ ತಿನ್ನಿಸುವುದರಿಂದ ವಿಷ ಹೋಗುವುದಿಲ್ಲ.

ಇನ್ನು ಸಾವಯವ ಎಲೆಕ್ಟ್ರಾನಿಕ್ಸ್

"ಸಾವಯವ" ಎಂದ ಕೂಡಲೇ ನಮಗೆ ಕೊಟ್ಟಿಗೆ ಗೊಬ್ಬರ, ಎರೆಹುಳು, ಜೀವಾಮೃತ ನೆನಪಾಗುತ್ತದೆ. ಇಲ್ಲಿ ಆ ಅರ್ಥವಲ್ಲ. ರಸಾಯನಶಾಸ್ತ್ರದಲ್ಲಿ ಇಂಗಾಲದಿಂದ ಕಟ್ಟಿದ ವಸ್ತುಗಳನ್ನೆಲ್ಲ ಸಾವಯವ ಎನ್ನುತ್ತಾರೆ. ಸಕ್ಕರೆ, ತುಪ್ಪ ಮಾತ್ರವಲ್ಲ, ಪ್ಲಾಸ್ಟಿಕ್ ಬಕೆಟ್ಟೂ ಆ ಲೆಕ್ಕಕ್ಕೇ ಸೇರುತ್ತದೆ. ಸಾಮಾನ್ಯ ಎಲೆಕ್ಟ್ರಾನಿಕ್ಸ್ ಸಿಲಿಕಾನ್‌ನಂಥ ಗಡುಸು ವಸ್ತುವಿನಿಂದ ಆದದ್ದು. ಇಂಗಾಲದ ಮೆದು ವಸ್ತುಗಳಲ್ಲಿ ವಿದ್ಯುತ್ ಹರಿಸಿ ಕೆಲಸ ತೆಗೆಯುವುದೇ ಸಾವಯವ ಎಲೆಕ್ಟ್ರಾನಿಕ್ಸ್.

ಪ್ಲಾಸ್ಟಿಕ್‌ನಲ್ಲಿ ಕರೆಂಟ್ ಹರಿಯುವುದಿಲ್ಲ ಎಂದೇ ವಯರಿನ ಮೇಲೆ ಅದನ್ನು ಹೊದಿಸುತ್ತೇವೆ. ಈ ನಂಬಿಕೆಯನ್ನು ಮುರಿದದ್ದು ಒಂದು ಆಕಸ್ಮಿಕ. ಜಪಾನಿನ ಟೋಕಿಯೋ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಹಿಡೆಕಿ ಶಿರಕಾವಾ ಅವರ ಪ್ರಯೋಗಶಾಲೆಯಲ್ಲಿ ಪಾಲಿಅಸಿಟಿಲೀನ್ ಎಂಬ ಪ್ಲಾಸ್ಟಿಕ್ ತಯಾರಿಸುವಾಗ ವೇಗವರ್ಧಕವನ್ನು ಬೇಕಾದ್ದಕ್ಕಿಂತ ಸಾವಿರ ಪಟ್ಟು ಹೆಚ್ಚು ಹಾಕಲಾಯಿತು. ಪುಡಿಯ ಬದಲು ಬೆಳ್ಳಿಯಂತೆ ಹೊಳೆಯುವ ಹಾಳೆ ಬಂತು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಅಲನ್ ಮ್ಯಾಕ್‌ಡಯರ್ಮಿಡ್ ಟೋಕಿಯೋಗೆ ಬಂದಾಗ ಇದರ ಸುದ್ದಿ ತಿಳಿದು ಶಿರಕಾವಾರನ್ನು ತಮ್ಮಲ್ಲಿಗೆ ಕರೆದರು. ಅಲ್ಲಿ ಭೌತವಿಜ್ಞಾನಿ ಅಲನ್ ಹೀಗರ್ ಜೊತೆಗೂಡಿದರು. ಆ ಹಾಳೆಗೆ ಅಯೋಡಿನ್ ಆವಿ ತಾಗಿಸಿದಾಗ ವಿದ್ಯುತ್ ಹರಿಯುವ ಶಕ್ತಿ ಒಂದು ಕೋಟಿ ಪಟ್ಟು ಏರಿತು. 1977ರಲ್ಲಿ ಪ್ರಕಟವಾದ ಈ ಸಂಶೋಧನೆಗೆ ಮೂವರಿಗೂ 2000ದಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ಬಂತು.

ಅಯೋಡಿನ್ ಮಾಡಿದ್ದೇನು? ಹಾಲಿನ ಗಾಡಿಯಲ್ಲಿ ಕ್ಯಾನುಗಳನ್ನು ಒಂದಿಷ್ಟೂ ಸಂದಿಲ್ಲದಂತೆ ಒತ್ತಿ ಜೋಡಿಸಿದ್ದೀರಿ ಎಂದುಕೊಳ್ಳಿ. ಯಾವ ಕ್ಯಾನೂ ಅಲುಗಾಡದು. ಅಂಚಿನಿಂದ ಒಂದು ಕ್ಯಾನ್ ಇಳಿಸಿ ನೋಡಿ. ಪಕ್ಕದ್ದನ್ನು ಆ ಜಾಗಕ್ಕೆ ಸರಿಸಬಹುದು, ಅದರ ಪಕ್ಕದ್ದನ್ನು ಅದರ ಜಾಗಕ್ಕೆ, ಹೀಗೆ ಖಾಲಿ ಜಾಗ ಈ ತುದಿಯಿಂದ ಆ ತುದಿಗೆ ಸಾಗುತ್ತದೆ. ಪ್ಲಾಸ್ಟಿಕ್‌ನಲ್ಲಿ ಎಲೆಕ್ಟ್ರಾನುಗಳು ಹಾಗೇ ಒತ್ತಿಕೊಂಡು ಕೂತಿದ್ದವು. ಅಯೋಡಿನ್ ಕೆಲವನ್ನು ಕಿತ್ತುಕೊಂಡಿತು, ಉಳಿದವಕ್ಕೆ ದಾರಿ ಸಿಕ್ಕಿತು.

ಅದೇ 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರು ತಟ್ಟೆಯಾಕಾರದ ಅಣುಗಳ ದ್ರವಸ್ಫಟಿಕವನ್ನು ಕಂಡುಹಿಡಿದರು. ಅಣುಗಳು ಬೆರಣಿಯ ರಾಶಿಯಂತೆ ಒಂದರ ಮೇಲೊಂದು ಪೇರಿಕೊಂಡು ಕಂಬವಾಗಿ ನಿಲ್ಲುತ್ತವೆ. ಆ ಕಂಬದುದ್ದಕ್ಕೂ ವಿದ್ಯುತ್ ಸಾಗಬಲ್ಲದು ಎಂದು ಮುಂದೆ ತಿಳಿದುಬಂದು, ಇವೂ ಸಾವಯವ ಎಲೆಕ್ಟ್ರಾನಿಕ್ಸ್‌ನ ವಸ್ತುಗಳಾದವು. ಚಂದ್ರಶೇಖರ್ ಅವರು 1991ರಲ್ಲಿ ಆರಂಭಿಸಿದ ದ್ರವಸ್ಫಟಿಕ ಕೇಂದ್ರವೇ ಇಂದು ಬೆಂಗಳೂರಿನ ನ್ಯಾನೋ ಮತ್ತು ಮೃದು ವಸ್ತು ವಿಜ್ಞಾನ ಕೇಂದ್ರ. ಸಿ.ಎನ್.ಆರ್. ರಾವ್ ಅವರು 1989ರಲ್ಲಿ ಕಟ್ಟಿದ ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಲ್ಲಿ ಈ ವಿದ್ಯೆಗಳ ಕೆಲಸ ನಡೆಯುತ್ತಿದೆ. ವಿಜ್ಞಾನ ಓದುತ್ತಿರುವ ನಿಮ್ಮ ಮಕ್ಕಳಿಗೆ ಈ ಹೆಸರುಗಳನ್ನು ಹೇಳಿ. ಇವು ನಮ್ಮ ರಾಜ್ಯದಲ್ಲೇ ಇರುವ ಬಾಗಿಲುಗಳು.

ಇದರಿಂದ ಬಂದ ಫಲ ನಿಮ್ಮಲ್ಲಿ ಹಲವರ ಜೇಬಿನಲ್ಲೇ ಇದೆ. ಈಗಿನ ಅನೇಕ ಮೊಬೈಲುಗಳ ಪರದೆಗೆ ಓಎಲ್ಇಡಿ ಎನ್ನುತ್ತಾರಲ್ಲ, ಅದರಲ್ಲಿ ಬೆಳಗುವುದು ಇಂಗಾಲದ ತೆಳು ಪದರ.

ಕೊಟ್ಟಿಗೆಗೂ ಇದಕ್ಕೂ ಏನು ಸಂಬಂಧ?

ಸಿಲಿಕಾನ್ ಯಂತ್ರದಲ್ಲಿ ಓಡಾಡುವುದು ಎಲೆಕ್ಟ್ರಾನು. ಜೀವಿಯ ದೇಹದಲ್ಲಿ ಸುದ್ದಿ ಸಾಗುವುದು ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂನಂಥ ಅಯಾನುಗಳ ಮೂಲಕ, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಮೂಲಕ. ಕರು ಹಾಕಿದ ಹಸುವಿಗೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಹಾಲು ಜ್ವರ ಬಂದಾಗ ಅದು ನೆಲ ಹಿಡಿದು ಕತ್ತು ಪಕ್ಕಕ್ಕೆ ತಿರುಗಿಸಿ ಮಲಗುವುದನ್ನು ಕಂಡವರಿಗೆ ಅಯಾನುಗಳ ಮಹಿಮೆ ಬೇರೆ ಹೇಳಬೇಕಿಲ್ಲ. ವಿದ್ಯುತ್ ಹರಿಯುವ ಪ್ಲಾಸ್ಟಿಕ್‌ನ ವಿಶೇಷವೆಂದರೆ ಅದು ನೀರು ಹೀರಿ ತುಸು ಉಬ್ಬುತ್ತದೆ, ಅಯಾನುಗಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಎಲೆಕ್ಟ್ರಾನುಗಳನ್ನೂ ಸಾಗಿಸುತ್ತದೆ. ದೇಹದ ಭಾಷೆ, ಯಂತ್ರದ ಭಾಷೆ ಎರಡೂ ಬಲ್ಲ ದುಭಾಷಿ ಇದು.

2015ರಲ್ಲಿ ಸ್ವೀಡನ್ನಿನ ಲಿಂಶೋಪಿಂಗ್ ವಿಶ್ವವಿದ್ಯಾಲಯದ ಮ್ಯಾಗ್ನಸ್ ಬರ್ಗ್‌ಗ್ರೆನ್ ತಂಡ ಕತ್ತರಿಸಿದ ಗುಲಾಬಿ ಕಡ್ಡಿಯನ್ನು ಇಂಥ ವಸ್ತುವಿನ ದ್ರಾವಣದಲ್ಲಿ ನಿಲ್ಲಿಸಿತು. ಕಡ್ಡಿ ಅದನ್ನು ನೀರಿನಂತೆ ಎಳೆದುಕೊಂಡು, ಅದರೊಳಗೇ ವಿದ್ಯುತ್ ತಂತಿ ರೂಪುಗೊಂಡಿತು. 2018ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಚರ್ಮಕ್ಕೆ ಅಂಟಿಸಿ, ಬೆವರಿನಿಂದ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಅಳೆಯುವ ಪಟ್ಟಿಯನ್ನು ತೋರಿಸಿದರು. ಅದು ಮನುಷ್ಯರಿಗೆಂದು ಮಾಡಿದ್ದು.

ನಮ್ಮ ಕೆಲಸಕ್ಕೆ ಹತ್ತಿರವಾದದ್ದು ಕೆಚ್ಚಲು ಬಾವು. ಬಾವು ಬಂದ ಮೊಲೆಯ ಹಾಲಿನಲ್ಲಿ ಸೋಡಿಯಂ, ಕ್ಲೋರೈಡ್ ಏರುತ್ತವೆ, ಪೊಟ್ಯಾಸಿಯಂ ಮತ್ತು ಹಾಲಿನ ಸಕ್ಕರೆ ಇಳಿಯುತ್ತವೆ. ಹಾಲು ಉಪ್ಪುಪ್ಪಾಗುವುದು ಇದರಿಂದಲೇ. ಉಪ್ಪು ಹೆಚ್ಚಿದಂತೆ ಹಾಲಿನಲ್ಲಿ ವಿದ್ಯುತ್ ಹೆಚ್ಚು ಸುಲಭವಾಗಿ ಹರಿಯುತ್ತದೆ. ಈ ಅಳತೆಯ ಉಪಕರಣ ದೊಡ್ಡ ಡೇರಿಗಳ ಹಾಲು ಕರೆಯುವ ಯಂತ್ರಗಳಲ್ಲಿ ಈಗಾಗಲೇ ಇದೆ, ಅದಕ್ಕೆ ಲೋಹದ ಕಡ್ಡಿಗಳೇ ಸಾಕು. ಆದರೆ ಅದೊಂದನ್ನೇ ನಂಬುವಂತಿಲ್ಲ. ಹಸುವಿನಿಂದ ಹಸುವಿಗೆ, ಕರು ಹಾಕಿದ ಸಮಯಕ್ಕೆ ತಕ್ಕಂತೆ ಈ ಅಳತೆ ಬದಲಾಗುತ್ತದೆ. ಅದೇ ಹಸುವಿನ ನಾಲ್ಕು ಮೊಲೆಗಳನ್ನು ಒಂದಕ್ಕೊಂದು ಹೋಲಿಸಿದರೆ ಹೆಚ್ಚು ಅರ್ಥ ಬರುತ್ತದೆ. ಉಪ್ಪಿನ ಜೊತೆಗೆ ಬಾವಿನ ಬೇರೆ ಗುರುತುಗಳನ್ನೂ ಹಿಡಿಯುವ, ಅಗ್ಗದ, ಬಳಸಿ ಬಿಸಾಡುವ ಪ್ಲಾಸ್ಟಿಕ್ ಪಟ್ಟಿ ಸಿಕ್ಕರೆ ಎರಡು ಹಸು ಇರುವ ಮನೆಗೂ ಅನುಕೂಲ. ಸಾವಯವ ಎಲೆಕ್ಟ್ರಾನಿಕ್ಸ್‌ನಿಂದ ನಾವು ನಿರೀಕ್ಷಿಸಬಹುದಾದದ್ದು ಇದನ್ನು.

ಆದರೆ ಪ್ರಯೋಗಶಾಲೆಯ ಮೇಜಿನಿಂದ ಕೊಟ್ಟಿಗೆಯ ಗೂಟದವರೆಗಿನ ದಾರಿ ಉದ್ದ. ಹಾಲಿನ ಕೊಬ್ಬು, ಸಸಾರಜನಕ ಸಂವೇದಕದ ಮೇಲೆ ಪದರ ಕಟ್ಟಿ ಅದನ್ನು ಕುರುಡು ಮಾಡುತ್ತವೆ. ಕೊಟ್ಟಿಗೆಯಲ್ಲಿ ತೇವ, ಗಂಜಲದ ಅಮೋನಿಯಾ, ಸಗಣಿ. ಬಿಸಿಲಿನಲ್ಲಿ ಒಂದು ಅಳತೆ, ಚಳಿಯಲ್ಲಿ ಇನ್ನೊಂದು. ಬೆಲೆ ಕೆಲವೇ ರೂಪಾಯಿಗೆ ಇಳಿಯದಿದ್ದರೆ ನಮಗೆ ಉಪಯೋಗವಿಲ್ಲ. ಚಿನ್ನದ ಕಣದ ಕಥೆಯನ್ನೇ ನೋಡಿ. ಫ್ಯಾರಡೆಯ ಸೀಸೆಯಿಂದ ಕಣಕ್ಕೆ ಪ್ರತಿಕಾಯ ಅಂಟಿಸುವವರೆಗೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಡಬ್ಬಿಯ ಮೇಲಿನ "ನ್ಯಾನೋ"

ಈ ಹೆಸರಿಗೆ ಈಗ ಮಾರುಕಟ್ಟೆಯಲ್ಲಿ ಬೆಲೆ ಬಂದಿದೆ. "ನ್ಯಾನೋ ಖನಿಜ", "ನ್ಯಾನೋ ಕ್ಯಾಲ್ಸಿಯಂ", ಹಾಲು ಹೆಚ್ಚಿಸುವ "ನ್ಯಾನೋ ಹನಿ" ಎಂದು ಮನೆ ಬಾಗಿಲಿಗೆ ತರುವವರು ಇರುತ್ತಾರೆ. ಎಲ್ಲವೂ ಸುಳ್ಳು ಎಂದು ನಾನು ಹೇಳುವುದಿಲ್ಲ. ಕೊಳ್ಳುವ ಮೊದಲು ಈ ನಾಲ್ಕು ಪ್ರಶ್ನೆ ಕೇಳಿ.

1. ಇದರಲ್ಲಿ ಇರುವ ವಸ್ತು ಯಾವುದು, ಪ್ರಮಾಣ ಎಷ್ಟು? ಲೇಬಲ್ ಮೇಲೆ ಬರೆದಿದೆಯೇ?
2. ಯಾವ ಪಶುವೈದ್ಯಕೀಯ ಕಾಲೇಜು ಅಥವಾ ಸಂಶೋಧನಾ ಸಂಸ್ಥೆ, ಎಷ್ಟು ರಾಸುಗಳ ಮೇಲೆ ಪರೀಕ್ಷಿಸಿದೆ?
3. ಸಾಮಾನ್ಯ ಖನಿಜ ಮಿಶ್ರಣಕ್ಕಿಂತ ಇದು ಎಷ್ಟು ಮೇಲು, ಬೆಲೆ ಎಷ್ಟು ಪಟ್ಟು?
4. ಹಾಲಿಗೆ ಏನಾದರೂ ಇಳಿಯುತ್ತದೆಯೇ? ಎಷ್ಟು ದಿನ?

ಉತ್ತರ ಸಿಗದಿದ್ದರೆ ದುಡ್ಡು ಜೇಬಿನಲ್ಲೇ ಇರಲಿ.

ಈಗ, ಈ ವಾರದಿಂದಲೇ ಮಾಡಬೇಕಾದದ್ದು

• ಪ್ರತಿ ಮೊಲೆಯ ಮೊದಲ ಎರಡು ಮೂರು ಧಾರೆಗಳನ್ನು ಕಪ್ಪು ಬಣ್ಣದ ಬಟ್ಟಲಿಗೆ ಕರೆದು ಗಡ್ಡೆ, ನೀರಿನಂತಹ ಹಾಲು ಇದೆಯೇ ನೋಡಿ. ನೆಲಕ್ಕೆ ಕರೆಯಬೇಡಿ.

• ತಿಂಗಳಿಗೊಮ್ಮೆ ಸಿಎಂಟಿ ಪರೀಕ್ಷೆ ಮಾಡಿಸಿ. ನಾಲ್ಕು ಗುಳಿಯ ತಟ್ಟೆಯಲ್ಲಿ ಹಾಲಿಗೆ ದ್ರಾವಣ ಬೆರೆಸಿದಾಗ ಲೋಳೆಯಾದರೆ, ಹೊರಗೆ ಕಾಣದ ಬಾವು ಒಳಗೆ ಶುರುವಾಗಿದೆ ಎಂದರ್ಥ. 1957ರಿಂದ ಬಳಕೆಯಲ್ಲಿರುವ ಈ ಪರೀಕ್ಷೆಗೆ ಕರೆಂಟೂ ಬೇಡ, ನ್ಯಾನೋವೂ ಬೇಡ.

• ಹಾಲು ಕರೆದ ಮೇಲೆ ಮೊಲೆತೊಟ್ಟುಗಳನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ. ಅರ್ಧ ಗಂಟೆ ಹಸು ಮಲಗದಂತೆ ಮೇವು ಹಾಕಿ ನಿಲ್ಲಿಸಿ.

• ಬಾವಿನ ಆರಂಭದಲ್ಲೇ ತೋರಿಸಿ. ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ ರುಬ್ಬಿ ಕೆಚ್ಚಲಿಗೆ ಹಚ್ಚುವ ವಿಧಾನವನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೂ ಪ್ರಚಾರ ಮಾಡುತ್ತಿದೆ. ಜ್ವರ, ಮೇವು ಬಿಡುವುದು, ರಕ್ತ ಬೆರೆತ ಹಾಲು ಕಂಡರೆ ಕಾಯದೆ ವೈದ್ಯರನ್ನು ಕರೆಯಿರಿ.

• ಆ್ಯಂಟಿಬಯೋಟಿಕ್ ಬೇಕಾದಾಗ ಬೇಕೇ ಬೇಕು. ವೈದ್ಯರು ಹೇಳಿದಷ್ಟು ದಿನ ಪೂರ್ತಿ ಕೊಡಿಸಿ. ಹಿಂದಿನ ಸಲ ಉಳಿದ ಟ್ಯೂಬನ್ನು ನೀವೇ ಏರಿಸಬೇಡಿ.

• ಕೊಟ್ಟಿಗೆಯ ಗೋಡೆಗೆ ಕ್ಯಾಲೆಂಡರ್ ತೂಗುಹಾಕಿ. ಚಿಕಿತ್ಸೆಯ ದಿನ, ಔಷಧದ ಹೆಸರು, ಹಾಲು ಹಾಕಬಹುದಾದ ದಿನ ಬರೆಯಿರಿ. ಹಸುವಿನ ಕಾಲಿಗೆ ಬಣ್ಣದ ದಾರ ಕಟ್ಟಿದರೆ ಮನೆಯಲ್ಲಿ ಯಾರು ಕರೆದರೂ ಗೊತ್ತಾಗುತ್ತದೆ.

• ಚಿಕಿತ್ಸೆಯಲ್ಲಿರುವ ಹಸುವನ್ನು ಕೊನೆಗೆ ಕರೆಯಿರಿ. ಆ ಹಾಲನ್ನು ಕರುವಿಗೂ ಕುಡಿಸಬೇಡಿ, ಹೊಳೆಗೂ ಚೆಲ್ಲಬೇಡಿ. ಗುಂಡಿ ತೋಡಿ ಹಾಕಿ ಮುಚ್ಚಿ.

• ಹಾಲು ಬತ್ತಿಸುವಾಗ ಹಾಕುವ ಟ್ಯೂಬಿನ ಔಷಧ ವಾರಗಟ್ಟಲೆ ಉಳಿಯುತ್ತದೆ. ಹಸು ದಿನಕ್ಕೆ ಮೊದಲೇ ಕರು ಹಾಕಿದರೆ ಹಾಲು ಹಾಕುವ ಮೊದಲು ವೈದ್ಯರನ್ನು ಕೇಳಿ.

ಕಡೆಯದಾಗಿ ಒಂದು ಮಾತು. ಕೊಟ್ಟಿಗೆಯಲ್ಲಿ ಔಷಧ ಕೊಟ್ಟಿದ್ದರೆ ಬೆಳಗ್ಗೆಯೇ ಸಂಘದ ಕಾರ್ಯದರ್ಶಿಗೆ ಹೇಳಿ. ಗೊತ್ತಾಗದೆ ಕ್ಯಾನಿಗೆ ಬಿದ್ದಿದ್ದರೂ ಹೇಳಿ. ಬಿಎಂಸಿಗೆ ಸುರಿಯುವ ಮೊದಲು ತಿಳಿದರೆ ಹೋಗುವುದು ಒಂದು ಮನೆಯ ಒಂದು ಹೊತ್ತಿನ ಹಾಲು. ಸುರಿದ ಮೇಲೆ ತಿಳಿದರೆ ಹೋಗುವುದು ಇಡೀ ಊರಿನದು, ಅದರಲ್ಲಿ ಒಂದೇ ಹಸು ನಂಬಿ ಬದುಕುವ ಮನೆಯ ಎರಡು ಲೀಟರೂ ಇರುತ್ತದೆ. ಹೆಚ್ಚಿನ ಮಾಹಿತಿಗೆ, ಸಿಎಂಟಿ ಪರೀಕ್ಷೆಗೆ ಅಥವಾ ಪಟ್ಟಿ ಪರೀಕ್ಷೆಯನ್ನು ಕಣ್ಣಾರೆ ನೋಡಲು ನಿಮ್ಮ ಸಂಘದ ಕಾರ್ಯದರ್ಶಿಯವರನ್ನು ಅಥವಾ ಒಕ್ಕೂಟದ ಶಿಬಿರ ಕಚೇರಿಯ ಪಶುವೈದ್ಯರನ್ನು ಭೇಟಿ ಮಾಡಿ.

– ಪಶುವೈದ್ಯಾಧಿಕಾರಿ